ಅತ್ತೆಯ ಲೆಕ್ಕದ ಪುಸ್ತಕ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕ್ ಇದೆ. ಅದರ ತುಂಬ ನೀಲಿ ಬಣ್ಣದ ಏರ್ ಲೆಟರುಗಳು. ನನ್ನ ಸೋದರತ್ತೆ ಇಂಗ್ಲೆಂಡಿನಿಂದ ನಮ್ಮ ತಂದೆಯವರಿಗೆ ಬರೆದ ಕಾಗದಗಳು ಅವು. ಎಲ್ಲ ಕಾಗದಗಳ ಆರಂಭವೂ ಒಂದೇ: "ಅಣ್ಣನಿಗೆ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ." ಆಮೇಲೆ ಚಳಿಯ ಸುದ್ದಿ, ಮಂಜಿನ ಸುದ್ದಿ, ಅಮ್ಮ ಕಳಿಸಿದ ಸಾರಿನ ಪುಡಿ ಮುಗಿದ ಸುದ್ದಿ. ಕೊನೆಗೆ ಮತ್ತೆ, "ಕೆಲಸ ಚೆನ್ನಾಗಿದೆ, ನೀವು ಯಾರೂ ಯೋಚನೆ ಮಾಡಬೇಡಿ." ಚಿಕ್ಕವಳಾಗಿದ್ದಾಗ ಆ ಕಾಗದಗಳ ಮೇಲಿದ್ದ ರಾಣಿಯ ಮುಖದ ಅಂಚೆಚೀಟಿಗಾಗಿ ನಾನು ಕಾಯುತ್ತಿದ್ದೆ. ಒಳಗೆ ಬರೆದದ್ದನ್ನು ನಾವೆಲ್ಲ ನಂಬಿದ್ದೆವು. ಪರದೇಶದಲ್ಲಿರುವ ಹೆಣ್ಣುಮಗಳು ಕ್ಷೇಮ ಎಂದು ಬರೆದರೆ ಯಾರು ತಾನೇ ಸಂಶಯಪಡುತ್ತಾರೆ?

ಅತ್ತೆ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಶಿವಮೊಗ್ಗದ ನಮ್ಮ ಬೀದಿಯಲ್ಲಿ ಡಾಕ್ಟರಾದ ಮೊದಲ ಹುಡುಗಿ. ಹೆರಿಗೆ ಮತ್ತು ಸ್ತ್ರೀರೋಗದಲ್ಲಿ ಮೇಲಿನ ಓದು ಮುಗಿಸಿ ಬಂದು ನಮ್ಮೂರಿನಲ್ಲೇ ಹೆರಿಗೆ ಆಸ್ಪತ್ರೆ ತೆರೆಯಬೇಕೆಂಬುದು ಅವರ ಆಸೆ. 1967ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಅಜ್ಜಿಯ ಅಳುವಿನ ನಡುವೆಯೇ ವಿಮಾನ ಹತ್ತಿದರು. ವಿದೇಶಿ ವಿನಿಮಯದ ಬಿಗಿಯಿದ್ದ ಆ ಕಾಲದಲ್ಲಿ ಹೊರಟವರ ಕೈಗೆ ಸಿಗುತ್ತಿದ್ದುದು 3 ಪೌಂಡ್. "ಐದು ವರ್ಷ, ಅಷ್ಟೇ" ಎಂದು ಹೇಳಿ ಹೋದವರು ತಿರುಗಿ ಬಂದು ನೆಲೆಸಿದ್ದು 2004ರಲ್ಲಿ, ನಿವೃತ್ತಿಯಾದ ಮೇಲೆ. ಆ ಹೊತ್ತಿಗೆ ಅವರು ಸ್ತ್ರೀರೋಗ ತಜ್ಞೆಯಾಗಿರಲಿಲ್ಲ. ಮುದುಕರ ವಾರ್ಡಿನ ವೈದ್ಯೆಯಾಗಿದ್ದರು. "ಯಾಕೆ ಅತ್ತೆ, ಮನಸ್ಸು ಬದಲಾಯಿತಾ?" ಎಂದು ಕೇಳಿದರೆ, "ಹಾಗೇ ಆಯಿತು ಕಣೇ" ಎಂದು ಮಾತು ಹೊರಳಿಸುತ್ತಿದ್ದರು.

2016ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಬೀರು ಒಪ್ಪ ಮಾಡುವಾಗ ಒಂದು ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತು. ಮೊದಲ ಪುಟಗಳಲ್ಲಿ ಹಾಲು, ಬ್ರೆಡ್ಡು, ಅಂಚೆ ಖರ್ಚು, ಊರಿಗೆ ಕಳಿಸಿದ ಹಣ. ನಡುವಿನಿಂದ ಬೇರೆಯೇ ಲೆಕ್ಕ ಶುರುವಾಗಿತ್ತು. ತಾರೀಖು, ಆಸ್ಪತ್ರೆಯ ಊರು, ಹುದ್ದೆ, ಉತ್ತರ ಬಂತೇ ಇಲ್ಲವೇ. 1968ರಿಂದ 1972ರವರೆಗೆ ಹೆರಿಗೆ ವಿಭಾಗದ ಕೆಲಸಕ್ಕೆ ಹಾಕಿದ ಅರ್ಜಿಗಳು. ನಾನು ಬೆರಳಿಟ್ಟು ಎಣಿಸಿದೆ. 64 ಅರ್ಜಿ. ಸಂದರ್ಶನಕ್ಕೆ ಕರೆದದ್ದು 3 ಸಲ. ಕೆಲಸ ಸಿಕ್ಕಿದ್ದು ಒಂದೂ ಇಲ್ಲ.

ನನ್ನ ಕಣ್ಣು ತುಂಬಿದ್ದು ಆ ಎಣಿಕೆಯಿಂದಲ್ಲ. ಪ್ರತಿ ಸಾಲಿನ ಕೊನೆಗೆ, ಬಲಗಡೆ, ಅತ್ತೆ ಕನ್ನಡದಲ್ಲಿ ಒಂದೊಂದು ಕಾರಣ ಬರೆದುಕೊಂಡಿದ್ದರು. "ಉಚ್ಚಾರ ಸುಧಾರಿಸಬೇಕು." "ಅರ್ಜಿ ತಡವಾಯಿತೇನೋ." "ಸೀರೆ ಉಟ್ಟು ಹೋಗಬಾರದಿತ್ತು." "ಮೆಲ್ಲಗೆ ಮಾತಾಡಿದೆ, ಧೈರ್ಯ ಸಾಲದು ಅಂದುಕೊಂಡರು." 64 ಸಲವೂ ತಪ್ಪು ಅವರದ್ದೇ!

ಆ ಪುಸ್ತಕ ಸಿಕ್ಕಿದ ಮೇಲೆಯೇ ನಾನು ಇಂಗ್ಲೆಂಡಿಗೆ ಹೋದ ನಮ್ಮ ವೈದ್ಯರ ಚರಿತ್ರೆಯನ್ನು ಹುಡುಕಿ ಓದತೊಡಗಿದ್ದು.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದದ್ದು 1948ರ ಜುಲೈ 5ರಂದು. ಬಡವ ಬಲ್ಲಿದ ಎಂಬ ಭೇದವಿಲ್ಲದೆ ಎಲ್ಲರಿಗೂ ಚಿಕಿತ್ಸೆ ಎಂಬ ದೊಡ್ಡ ಕನಸು ಅದು. ಆದರೆ ಆ ಕನಸು ನಡೆಸಲು ಸಾಕಷ್ಟು ವೈದ್ಯರಿರಲಿಲ್ಲ. ಅಲ್ಲಿ ಓದಿದ ಅನೇಕರು ಹೆಚ್ಚಿನ ಸಂಬಳಕ್ಕಾಗಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ದಾರಿ ಹಿಡಿದರು. ಇತ್ತ ನಮ್ಮ ಮೆಡಿಕಲ್ ಕಾಲೇಜುಗಳು ಬ್ರಿಟಿಷರ ಮಾದರಿಯಲ್ಲೇ ಕಟ್ಟಿದವು. ಪಠ್ಯವೂ ಅದೇ, ಭಾಷೆಯೂ ಅದೇ. ಹಾಗಾಗಿ ನಮ್ಮ ಪದವಿ ಅಲ್ಲಿ ನಡೆಯುತ್ತಿತ್ತು. ಭಾರತ, ಪಾಕಿಸ್ತಾನ, ಸಿಲೋನುಗಳಿಂದ ಎಳೆಯ ವೈದ್ಯರು ಸಾವಿರಗಟ್ಟಲೆ ಹೋದರು. ಇವರು ಬಾರದೇ ಇದ್ದಿದ್ದರೆ ಆಸ್ಪತ್ರೆಗಳ ವ್ಯವಸ್ಥೆಯೇ ಕುಸಿಯುತ್ತಿತ್ತು ಎಂಬ ಮಾತು 1961ರಲ್ಲೇ ಬ್ರಿಟನ್ನಿನ ಮೇಲ್ಮನೆಯಲ್ಲಿ ಕೇಳಿಬಂದಿತ್ತು.

ಕರೆದದ್ದು ನಿಜ. ಆದರೆ ಕೂರಿಸಿದ್ದು ಎಲ್ಲಿ? ಮನೆಗೆ ಬಂದ ನೆಂಟರನ್ನು ನಡುಮನೆಯಲ್ಲಿ ಕೂರಿಸುವುದಕ್ಕೂ ಹಿತ್ತಲ ಜಗುಲಿಯಲ್ಲಿ ಕೂರಿಸುವುದಕ್ಕೂ ಇರುವ ವ್ಯತ್ಯಾಸ ನಮಗೆ ಹೆಂಗಸರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಆಸ್ಪತ್ರೆಗಳಲ್ಲಿ ಹೌಸ್ ಆಫೀಸರ್, ಸೀನಿಯರ್ ಹೌಸ್ ಆಫೀಸರ್, ರಿಜಿಸ್ಟ್ರಾರ್, ಸೀನಿಯರ್ ರಿಜಿಸ್ಟ್ರಾರ್, ಕನ್ಸಲ್ಟೆಂಟ್ ಎಂದು ಮೆಟ್ಟಿಲುಗಳಿದ್ದವು. ಕೆಳಗಿನ ಮೆಟ್ಟಿಲುಗಳ ಕೆಲಸ ಆರು ತಿಂಗಳು, ವರ್ಷದ್ದು. ಮುಗಿದೊಡನೆ ಹೊಸ ಊರು, ಹೊಸ ಅರ್ಜಿ. ಮೇಲೇರಲು ಕನ್ಸಲ್ಟೆಂಟರ ಶಿಫಾರಸು ಬೇಕು. ಹೆಸರಾದ ಬೋಧನಾ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆ, ಹೆರಿಗೆ ವಿಭಾಗಗಳಿಗೆ ಅಲ್ಲಿಯವರದೇ ನೂಕುನುಗ್ಗಲು. ಅಲ್ಲಿಯವರು ಒಲ್ಲೆ ಎಂದು ಬಿಟ್ಟ ಜಾಗಗಳು ನಮ್ಮವರಿಗೆ: ಕೈಗಾರಿಕಾ ಪಟ್ಟಣಗಳ ಸಣ್ಣ ಆಸ್ಪತ್ರೆಗಳು, ವೇಲ್ಸಿನ ಕಲ್ಲಿದ್ದಲ ಗಣಿಗಳ ಕಣಿವೆಯ ದವಾಖಾನೆಗಳು, ಮಾನಸಿಕ ಆಸ್ಪತ್ರೆಗಳು ಮತ್ತು ಮುದುಕರ ವಾರ್ಡುಗಳು.

ಮುದುಕರ ಚಿಕಿತ್ಸೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರು ಒಬ್ಬ ಹೆಂಗಸೇ. ಮಾರ್ಜರಿ ವಾರೆನ್ ಎಂಬ ವೈದ್ಯೆ. 1935ರಲ್ಲಿ ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ನಿರ್ಗತಿಕರ ಆಸ್ಪತ್ರೆಯ ನೂರಾರು ರೋಗಿಗಳು ಸೇರ್ಪಡೆಯಾದಾಗ, ವರ್ಷಗಟ್ಟಲೆ ಹಾಸಿಗೆಗೆ ಅಂಟಿಕೊಂಡಿದ್ದ ಆ ಮುದುಕರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಎಷ್ಟೋ ಮಂದಿಯನ್ನು ಎಬ್ಬಿಸಿ ನಡೆಸಿದ ಪುಣ್ಯಾತ್ಗಿತ್ತಿ. ಆದರೂ ಆ ವಿಭಾಗಕ್ಕೆ ಮರ್ಯಾದೆ ಸಿಗಲು ಬಹಳ ಕಾಲ ಹಿಡಿಯಿತು. ನಮ್ಮ ಅತ್ತೆ ಅಲ್ಲಿಗೆ ಸೇರಿದ್ದು ಬೇರೆ ಬಾಗಿಲು ತೆರೆಯದೇ ಇದ್ದುದಕ್ಕೆ. ಸೇರಿದ ಮೇಲೆ ಆ ಕೆಲಸವನ್ನು ಅವರು ಪ್ರೀತಿಸಿದರು. "ಮೂರು ವರ್ಷ ಮಲಗಿದ್ದ ಅಜ್ಜಿ ಇವತ್ತು ಎದ್ದು ಕಿಟಕಿಯವರೆಗೆ ನಡೆದಳು" ಎಂದು ಬರೆದ ಒಂದು ಕಾಗದದಲ್ಲಿ ಮಾತ್ರ ಕ್ಷೇಮ ಎಂಬ ಮಾತು ನಿಜವಾಗಿತ್ತೆಂದು ಈಗ ಅನ್ನಿಸುತ್ತದೆ.

1968ರ ಏಪ್ರಿಲ್ ತಿಂಗಳ ಕಾಗದ ತೀರ ಚಿಕ್ಕದು. "ಇಲ್ಲಿ ಸ್ವಲ್ಪ ಗಲಾಟೆ. ಪೇಪರಿನಲ್ಲಿ ಬಂದರೆ ಹೆದರಬೇಡಿ." ಏನು ಗಲಾಟೆ ಎಂದು ಆಗ ನಮಗೆ ತಿಳಿಯಲಿಲ್ಲ. ಆ ತಿಂಗಳ 20ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಈನಾಕ್ ಪೊವೆಲ್ ಎಂಬ ರಾಜಕಾರಣಿ, ಹೊರಗಿನಿಂದ ಬಂದ ಬಣ್ಣದ ಜನರಿಂದ ದೇಶ ಹಾಳಾಗುತ್ತದೆಂದು ಕೆಂಡ ಕಾರುವ ಭಾಷಣ ಮಾಡಿದ್ದ. ಲಂಡನ್ನಿನ ಹಡಗುಕಟ್ಟೆಯ ಕೂಲಿಗಳು ಅವನ ಪರವಾಗಿ ಮೆರವಣಿಗೆ ಹೋದರು. ಇದೇ ಪೊವೆಲ್ 1960ರಿಂದ 1963ರವರೆಗೆ ಆ ದೇಶದ ಆರೋಗ್ಯ ಮಂತ್ರಿಯಾಗಿದ್ದವನು! ಅವನ ಆಡಳಿತದ ಆಸ್ಪತ್ರೆಗಳಲ್ಲೇ ನಮ್ಮ ಹುಡುಗರು ರಾತ್ರಿಪಾಳಿ ಮಾಡಿದ್ದರು.

ಅತ್ತೆ ನಮ್ಮೊಡನೆ ಇದ್ದ ಹನ್ನೆರಡು ವರ್ಷಗಳಲ್ಲಿ, ಮಳೆಗಾಲದ ಸಂಜೆ ಕರೆಂಟು ಹೋದಾಗ, ಒಂದೊಂದೇ ಮಾತು ಹೊರಗೆ ಬರುತ್ತಿತ್ತು. "ನನ್ನ ಮೈ ಮುಟ್ಟಬೇಡ, ಬೇರೆ ಡಾಕ್ಟರನ್ನು ಕರೆ" ಎಂದ ರೋಗಿ. ಹಿಂದಿನ ಆರು ತಿಂಗಳು ಅಲ್ಲಿದ್ದ ಇನ್ನೊಬ್ಬ ಭಾರತೀಯ ವೈದ್ಯೆಯ ಹೆಸರಿನಿಂದಲೇ ಇವರನ್ನು ವರ್ಷವಿಡೀ ಕರೆದ ಮೇಲಧಿಕಾರಿ. ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ, "ನಿಮ್ಮ ದೇಶಕ್ಕೆ ಯಾವಾಗ ವಾಪಸು ಹೋಗುತ್ತೀರಿ?" ಎರಡನೆಯದು, "ಮದುವೆ ಯಾವಾಗ?" ಹಾಗೆಯೇ, ಜ್ವರ ಬಂದು ಮಲಗಿದಾಗ ತನ್ನ ಮನೆಯಿಂದ ಬಿಸಿ ಸೂಪು ತಂದುಕೊಟ್ಟ ವಾರ್ಡ್ ಸಿಸ್ಟರನ್ನೂ ಅವರು ಮರೆತಿರಲಿಲ್ಲ. "ಎಲ್ಲರೂ ಕೆಟ್ಟವರಲ್ಲ ಕಣೇ. ಕೆಟ್ಟವರನ್ನು ಗುರುತಿಸುವುದು ಸುಲಭ. ನಗುನಗುತ್ತಾ 'ಈ ಸಲ ಅರ್ಜಿಗಳು ಬಹಳ ಬಂದಿದ್ದವು' ಅನ್ನುತ್ತಾರಲ್ಲ, ಅದು ನಿಜವೋ ಸುಳ್ಳೋ ತಿಳಿಯುವುದೇ ಕಷ್ಟ" ಎನ್ನುತ್ತಿದ್ದರು.

ಕಷ್ಟವಿದ್ದದ್ದು ಅಲ್ಲಿಯೇ. ಒಬ್ಬೊಬ್ಬರೇ ಕುಳಿತು ನೋಡಿದರೆ ಯಾವ ಅರ್ಜಿ ಬಣ್ಣದಿಂದ ಹೋಯಿತು, ಯಾವುದು ನಿಜವಾಗಿ ಯೋಗ್ಯತೆ ಸಾಲದೆ ಹೋಯಿತು ಎಂದು ಹೇಳಲು ಬರುವುದಿಲ್ಲ. ಉದ್ಯೋಗದಲ್ಲಿ ವರ್ಣಭೇದ ಮಾಡಬಾರದೆಂಬ ಕಾನೂನು 1968ರಲ್ಲೇ ಬಂತು, 1976ರಲ್ಲಿ ಇನ್ನಷ್ಟು ಬಿಗಿಯಾಯಿತು. ಆದರೆ ಸಾಕ್ಷಿ ಎಲ್ಲಿಂದ ತರುವುದು? ಈ ನಡುವೆ 1975ರಲ್ಲಿ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ಭಾರತದ ಪದವಿಗಳಿಗೆ ಕೊಟ್ಟಿದ್ದ ಮನ್ನಣೆಯನ್ನೇ ಹಿಂತೆಗೆದುಕೊಂಡಿತು. ಹೊರಗಿನಿಂದ ಬರುವವರಿಗೆ ಭಾಷೆ ಮತ್ತು ವೈದ್ಯಜ್ಞಾನದ ಪರೀಕ್ಷೆ ಇಟ್ಟಿತು. ಪರೀಕ್ಷೆಯೇ ತಪ್ಪು ಎನ್ನಲಾಗದು. ರೋಗಿಯ ಮಾತು ತಿಳಿಯದ ವೈದ್ಯ ಯಾರಿಗೆ ಬೇಕು? ಆದರೆ ಪರೀಕ್ಷೆ ಪಾಸಾದವರಿಗೂ ಬಾಗಿಲು ತೆರೆಯಲಿಲ್ಲವಲ್ಲ, ಅದಕ್ಕೇನು ಹೇಳುವುದು!

ಸಾಕ್ಷಿ ಸಿಕ್ಕಿದ್ದು ವಿಚಿತ್ರ ರೀತಿಯಲ್ಲಿ, ಒಂದು ಕಂಪ್ಯೂಟರಿನಿಂದ. ಲಂಡನ್ನಿನ ಸೇಂಟ್ ಜಾರ್ಜ್ಸ್ ಮೆಡಿಕಲ್ ಕಾಲೇಜಿನಲ್ಲಿ ಪ್ರವೇಶಕ್ಕೆ ಬಂದ ಅರ್ಜಿಗಳನ್ನು ಜರಡಿ ಹಿಡಿಯಲು ಅಲ್ಲಿನ ವೈದ್ಯರೊಬ್ಬರು 1970ರ ದಶಕದಲ್ಲಿ ಒಂದು ಪ್ರೋಗ್ರಾಂ ಬರೆದರು. ಹಿಂದಿನ ಆಯ್ಕೆಗಾರರು ಹೇಗೆ ಆರಿಸುತ್ತಿದ್ದರೋ ಹಾಗೆಯೇ ಯಂತ್ರವೂ ಆರಿಸಬೇಕು ಎಂಬುದು ಉದ್ದೇಶ. ಯಂತ್ರ ವಿಧೇಯ ಶಿಷ್ಯನಂತೆ ಕಲಿಯಿತು. ಹೆಸರು ಯುರೋಪಿನದಲ್ಲವೇ? 15 ಅಂಕದವರೆಗೆ ಕಳೆ. ಹೆಣ್ಣೇ? ಸರಾಸರಿ 3 ಅಂಕ ಕಳೆ. ಅಲ್ಲಿನ ಇಬ್ಬರು ಅಧ್ಯಾಪಕರೇ, ಜೋ ಕಾಲಿಯರ್ ಮತ್ತು ಆಗ್ರಿ ಬರ್ಕ್ ಎಂಬ ವೈದ್ಯರು, 1986ರಲ್ಲಿ ಇದನ್ನು ಸರ್ಕಾರದ ಜನಾಂಗೀಯ ಸಮಾನತಾ ಆಯೋಗದ ಗಮನಕ್ಕೆ ತಂದರು. 1988ರಲ್ಲಿ ಆಯೋಗ ತಪ್ಪನ್ನು ಎತ್ತಿ ಹಿಡಿಯಿತು. ವರ್ಷಕ್ಕೆ 60 ಮಂದಿಯವರೆಗೆ ಹೀಗೆ ಸಂದರ್ಶನದಿಂದಲೇ ವಂಚಿತರಾಗಿರಬಹುದೆಂದು ಅಂದಾಜು. ಇನ್ನೊಂದು ಸಂಗತಿ ಕೇಳಿ. ಲಂಡನ್ನಿನ ಬೇರೆ ಅನೇಕ ವೈದ್ಯಕೀಯ ಕಾಲೇಜುಗಳಿಗಿಂತ ಈ ಕಾಲೇಜಿನಲ್ಲೇ ಹೊರಗಿನ ಮೂಲದ ವಿದ್ಯಾರ್ಥಿಗಳು ಹೆಚ್ಚಿದ್ದರು! ಬೇರೆಡೆ ಮನಸ್ಸಿನೊಳಗೆ ನಡೆಯುತ್ತಿದ್ದ ಕಳೆಯುವ ಲೆಕ್ಕ ಯಾರಿಗೂ ಕಾಣುತ್ತಿರಲಿಲ್ಲ. ಇಲ್ಲಿ ಯಂತ್ರ ಅದನ್ನು ಬರೆದಿಟ್ಟಿತ್ತು, ಆದ್ದರಿಂದ ಸಿಕ್ಕಿಬಿತ್ತು.

ಎರಡನೆಯ ಸಾಕ್ಷಿಯನ್ನು ಒದಗಿಸಿದವರು ಅನೀಝ್ ಇಸ್ಮಾಯಿಲ್ ಮತ್ತು ಸ್ಯಾಮ್ ಎವರಿಂಗ್ಟನ್ ಎಂಬ ಇಬ್ಬರು ವೈದ್ಯರು. ಒಂದೇ ಓದು, ಒಂದೇ ಅನುಭವ ಇರುವ ಕಲ್ಪಿತ ಅಭ್ಯರ್ಥಿಗಳನ್ನು ಸೃಷ್ಟಿಸಿ, ಅರ್ಧದಷ್ಟು ಮಂದಿಗೆ ಇಂಗ್ಲಿಷ್ ಹೆಸರು, ಇನ್ನರ್ಧಕ್ಕೆ ಏಷ್ಯಾದ ಹೆಸರು ಕೊಟ್ಟು, ಆಸ್ಪತ್ರೆಗಳ ಹುದ್ದೆಗಳಿಗೆ ಅರ್ಜಿ ಹಾಕಿದರು. ಎಲ್ಲರೂ ಬ್ರಿಟನ್ನಿನಲ್ಲೇ ಓದಿದವರೆಂದು ಬರೆದಿದ್ದರಿಂದ ಪದವಿಯ ನೆಪವಾಗಲೀ ಉಚ್ಚಾರದ ನೆಪವಾಗಲೀ ಇರಲಿಲ್ಲ. ಇದ್ದ ವ್ಯತ್ಯಾಸ ಹೆಸರೊಂದೇ. ನಡುವೆ ಯಾರೋ ದೂರು ಕೊಟ್ಟು, ಸುಳ್ಳು ಅರ್ಜಿ ಹಾಕಿದ ಆರೋಪದ ಮೇಲೆ ಪೊಲೀಸರು ಈ ಇಬ್ಬರನ್ನೇ ಬಂಧಿಸಿದರು! ಮೊಕದ್ದಮೆ ಮುಂದುವರಿಯಲಿಲ್ಲ. ಫಲಿತಾಂಶ 1993ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಹೆಸರಿನವರಿಗೆ ಸಂದರ್ಶನದ ಪಟ್ಟಿಯಲ್ಲಿ ಜಾಗ ಸಿಗುವ ಸಾಧ್ಯತೆ ಏಷ್ಯಾದ ಹೆಸರಿನವರಿಗಿಂತ ಎರಡರಷ್ಟಿತ್ತು.

ಅತ್ತೆಯ ಲೆಕ್ಕದ ಪುಸ್ತಕದ ಕೊನೆಯಲ್ಲಿ ಈ ಸುದ್ದಿಯ ಪತ್ರಿಕೆಯ ತುಣುಕು ಮಡಚಿಟ್ಟಿತ್ತು. ಆಮೇಲೆ ಗಮನಿಸಿದೆ. ಬಲಗಡೆ ಬರೆದಿದ್ದ ಕಾರಣಗಳ ಮೇಲೆಲ್ಲ, ಪುಟದಿಂದ ಪುಟಕ್ಕೆ, ಬೇರೆ ಶಾಯಿಯಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಿದ್ದರು. ಆಗ ಅವರಿಗೆ 51 ವರ್ಷ. ಇಪ್ಪತ್ತೈದು ವರ್ಷ ಅವರು ಆ ಕಾರಣಗಳನ್ನು ಹೊತ್ತುಕೊಂಡೇ ಬದುಕಿದ್ದರು.

ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2006ರಲ್ಲಿ ಬ್ರಿಟನ್ ವೀಸಾ ನಿಯಮ ಬದಲಿಸಿದಾಗ, ಅಲ್ಲಿ ತರಬೇತಿಯಲ್ಲಿದ್ದ, ಕೆಲಸಕ್ಕಾಗಿ ಕಾಯುತ್ತಿದ್ದ ನಮ್ಮ ಎಷ್ಟೋ ವೈದ್ಯರು ನಡುದಾರಿಯಲ್ಲಿ ನಿಂತರು. ಭಾರತೀಯ ಮೂಲದ ವೈದ್ಯರ ಸಂಘವೊಂದು ನ್ಯಾಯಾಲಯಕ್ಕೆ ಹೋಯಿತು. 2008ರಲ್ಲಿ ಹೌಸ್ ಆಫ್ ಲಾರ್ಡ್ಸ್, ಅಂಥವರನ್ನು ಹಿಂದೆ ತಳ್ಳುವಂತೆ ಆರೋಗ್ಯ ಇಲಾಖೆ ಕೊಟ್ಟಿದ್ದ ಸೂಚನೆ ಕಾನೂನುಬಾಹಿರ ಎಂದು ತೀರ್ಪು ಕೊಟ್ಟಿತು. ಆ ದಿನ ಅತ್ತೆ ಪೇಪರ್ ಓದಿ ಇಡೀ ಮನೆಗೆ ಪಾಯಸ ಮಾಡಿಸಿದ್ದು ನೆನಪಿದೆ. ಮುಂದೆ 2019ರ ಒಂದು ವರದಿ, ಆಸ್ಪತ್ರೆಗಳು ಮೆಡಿಕಲ್ ಕೌನ್ಸಿಲ್ಲಿಗೆ ವೈದ್ಯರ ಮೇಲೆ ಕೊಡುವ ದೂರುಗಳಲ್ಲಿ ಬಿಳಿಯರಿಗಿಂತ ಉಳಿದವರ ಪ್ರಮಾಣ ಎರಡರಷ್ಟಿದೆ ಎಂಬುದಕ್ಕೆ ಕಾರಣ ಹುಡುಕಿತು. ಹೊಸಬರಿಗೆ ರೀತಿನೀತಿ ಹೇಳಿಕೊಡುವವರಿಲ್ಲ. ಸಣ್ಣ ತಪ್ಪನ್ನು ಮುಖಾಮುಖಿ ಹೇಳಿ ತಿದ್ದಲು ಮೇಲಿನವರಿಗೆ ಮುಜುಗರ. ಆಮೇಲೆ ಒಮ್ಮೆಲೇ ದೂರು. 2020ರಲ್ಲಿ ಕೊರೊನಾ ಬಂದಾಗ ಆ ದೇಶದಲ್ಲಿ ಪ್ರಾಣ ಕಳೆದುಕೊಂಡ ಮೊದಲ ಹತ್ತು ಮಂದಿ ವೈದ್ಯರೂ ಏಷ್ಯಾ, ಆಫ್ರಿಕಾ, ಅರಬ್ ನಾಡುಗಳಂಥ ಹೊರಗಿನ ಮೂಲದವರೇ. ಅದನ್ನು ನೋಡಲು ಅತ್ತೆ ಇರಲಿಲ್ಲ.

ಪಾಯಸದ ದಿನ ನಾನು ಜೋರಾಗಿ, "ಬಿಳಿಯರ ಬುದ್ಧಿಯೇ ಅಷ್ಟು ಬಿಡಿ ಅತ್ತೆ" ಎಂದಿದ್ದೆ. ಅತ್ತೆ ಲೋಟ ಕೆಳಗಿಟ್ಟು, "ಡಾಕ್ಟರ್ ಪಲ್ಪು ಗೊತ್ತೇನೇ ನಿನಗೆ?" ಎಂದು ಕೇಳಿದರು. ಗೊತ್ತಿರಲಿಲ್ಲ. ಅವರೇ ಹೇಳಿದರು. ತಿರುವಾಂಕೂರಿನ ಪದ್ಮನಾಭನ್ ಪಲ್ಪು, 1863ರಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದರೆ ತಿರುವಾಂಕೂರಿನ ಸರ್ಕಾರ ಕೆಲಸ ಕೊಡಲಿಲ್ಲ. ಕಾರಣ, ಅವರು ಈಳವ ಜಾತಿಯವರು. ಕೆಲಸ ಕೊಟ್ಟದ್ದು ನಮ್ಮ ಮೈಸೂರು ಸಂಸ್ಥಾನ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಜನ ಮನೆ ಬಿಟ್ಟು ಓಡುತ್ತಿದ್ದಾಗ, ಹೆಣಗಳ ನಡುವೆ ನಿಂತು ಕೆಲಸ ಮಾಡಿದವರಲ್ಲಿ ಅವರೂ ಒಬ್ಬರು. "ಅವರ ಅರ್ಜಿಯಲ್ಲೂ ಹೆಸರನ್ನೇ ನೋಡಿದ್ದು ಕಣೇ. ನೋಡಿದವರು ಬಿಳಿಯರಲ್ಲ" ಎಂದು ಹೇಳಿ ಅತ್ತೆ ಮತ್ತೆ ಲೋಟ ಎತ್ತಿಕೊಂಡರು.

ನಾನು ಸುಮ್ಮನಾದೆ. ಯಾಕೆಂದರೆ ನನಗೆ ಬೇರೊಂದು ನೆನಪಾಗಿತ್ತು. ಅದನ್ನು ಅತ್ತೆಗೆ ಕೊನೆಯವರೆಗೂ ಹೇಳಲಿಲ್ಲ, ಇಲ್ಲಿ ಹೇಳಿಬಿಡುತ್ತೇನೆ.

1995ರ ಸುಮಾರಿಗೆ ನಮ್ಮ ಬಡಾವಣೆಗೆ ಒಬ್ಬ ಲೇಡಿ ಡಾಕ್ಟರ್ ಬಂದರು. ಚಿನ್ನದ ಪದಕ ಪಡೆದವರು ಎಂದು ಕೇಳಿದ್ದೆವು. ನನ್ನ ಮಗಳಿಗೆ ಜ್ವರ ಬಂದಾಗ ಅಲ್ಲಿಗೇ ಹೊರಟಿದ್ದೆ. ಪಕ್ಕದ ಮನೆಯವರು ಗೇಟಿನಲ್ಲಿ ನಿಂತು, ದನಿ ತಗ್ಗಿಸಿ, ಆಕೆ ಯಾವ ಜನ ಎಂದು ಹೇಳಿದರು. ನಾನು ಏನೂ ಅನ್ನಲಿಲ್ಲ. ಆಟೋದವನಿಗೆ ಮಾತ್ರ ಬೇರೆ ಡಾಕ್ಟರ ವಿಳಾಸ ಕೊಟ್ಟೆ. ಆ ಡಾಕ್ಟರು ಹಳಬರು, ಅನುಭವ ಹೆಚ್ಚು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳೂ ಅಲ್ಲ. ಹಾಗಾಗಿಯೇ ಇಷ್ಟು ವರ್ಷ ನನಗೆ ಅದು ತಪ್ಪೆಂದು ಅನ್ನಿಸಿರಲಿಲ್ಲ. ಆ ಬೆಂಚಿನ ಮೇಲೆ ರೋಗಿಗಳು ಹೆಚ್ಚು ಕಾಣಲೇ ಇಲ್ಲ. ಎರಡು ವರ್ಷದೊಳಗೆ ಬೋರ್ಡು ಇಳಿಯಿತು.

ಆಕೆ ಈಗ ಎಲ್ಲಿದ್ದಾರೋ ತಿಳಿಯದು. ಬಾಗಿಲು ಹಾಕಿಕೊಂಡ ಆ ಸಂಜೆ ಆಕೆಯೂ ಕುಳಿತು ಲೆಕ್ಕ ಹಾಕಿರಬೇಕು. ಬೀದಿ ಒಳಗಾಯಿತೇನೋ, ಫೀಸು ಹೆಚ್ಚಾಯಿತೇನೋ, ನನಗೆ ನಗುನಗುತ್ತಾ ಮಾತಾಡಲು ಬರುವುದಿಲ್ಲವೇನೋ ಎಂದು ಒಂದೊಂದೇ ಕಾರಣ ಬರೆದುಕೊಂಡಿರಬೇಕು. ಅತ್ತೆಯ ಪುಸ್ತಕದ ಮೇಲೆ ಗೆರೆ ಎಳೆಯಲು ಒಂದು ಪತ್ರಿಕೆಯ ತುಣುಕಾದರೂ ಸಿಕ್ಕಿತ್ತು. ಆ ವೈದ್ಯೆಗೆ, ತಪ್ಪು ನಿಮ್ಮದಲ್ಲ, ನಾನು ಆಟೋ ತಿರುಗಿಸಿದೆ ಎಂದು ಹೇಳಬೇಕಾದವಳು ನಾನು.